ಖೀಮಾ ಸೂಪಿನಲ್ಲಿ ಆಲೂಗಡ್ಡೆ ಯಾಕೆ ಬೇಯುತ್ತಿರಲಿಲ್ಲ

ಬೀಫ್ ಖೀಮಾ, ತರಕಾರಿ ಹಾಕಿ ಸೂಪ್ ಮಾಡಿದಾಗಲೆಲ್ಲ ನಮ್ಮನೆಯಲ್ಲಿ ಎರಡು ತಕರಾರು. ಆಲೂಗಡ್ಡೆ ಎಷ್ಟು ಕುದಿಸಿದರೂ ಒಳಗೆ ಗಟ್ಟಿ. ಖೀಮಾ ಬೂದು ಬಣ್ಣದ ಉಂಡೆ ಉಂಡೆ.

ಆಲೂಗಡ್ಡೆ ಬೇಯದಿರಲು ಕಾರಣ ಟೊಮೆಟೊ! ತರಕಾರಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಅನ್ನೋ ಅಂಶ ಬೇಗ ಸಡಿಲವಾಗಲು ಅದರ ಹುಳಿ ಬಿಡುವುದಿಲ್ಲ. ಆದರೆ ರೆಸಿಪಿಗಳಲ್ಲಿ ಎಲ್ಲವನ್ನೂ ಒಟ್ಟಿಗೇ ಹಾಕಿ ಅಂತ ಸುಮ್ನೆ ಬರೆದಿರುತ್ತಾರೆ, ಅಲ್ವಾ? ಈಗ ಆಲೂಗಡ್ಡೆ, ಕ್ಯಾರೆಟ್, ಬೀನ್ಸ್ ಬರೀ ನೀರಿನಲ್ಲಿ ಬೆಂದು, ಚಾಕು ಚುಚ್ಚಿದರೆ ಸಲೀಸಾಗಿ ಇಳಿಯುವಂತಾದ ಮೇಲೆಯೇ ಟೊಮೆಟೊ ಹಾಕಿ 10 ನಿಮಿಷ ಕುದಿಸುತ್ತೇನೆ. ಸಾಕು.

ಖೀಮಾಕ್ಕೆ ಅಗಲ ಬಾಣಲೆ ಬೇಕು. ತೊಳೆದ ಖೀಮಾವನ್ನು ಜರಡಿಯಲ್ಲಿ ಚೆನ್ನಾಗಿ ಬಸಿಯಿರಿ. ಒಂದೇ ಸಲ ಪೂರ್ತಿ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಅರ್ಧರ್ಧ ಹಾಕಿ, ಸೌಟಿನಿಂದ ಒಡೆಯುತ್ತಾ ಇರಿ. ಮೊದಲು ಗುಳುಗುಳು ಸದ್ದು, ನೀರು ಆರಿದ ಮೇಲೆ ಚುರ್ ಚುರ್. ಆಮೇಲೆ ಅಂಚು ಕಂದಾಗುತ್ತದೆ, ರುಚಿ ಇರುವುದು ಅಲ್ಲೇ. ತಳಕ್ಕೆ ಹಿಡಿದದ್ದನ್ನೂ ಸ್ವಲ್ಪ ನೀರು ಹಾಕಿ ಕೆರೆದು ಸೂಪಿಗೇ ಸೇರಿಸಿ.

ವಿದೇಶಿ ರೆಸಿಪಿಗಳು ಕೊಬ್ಬು ಬಸಿಯಿರಿ ಅನ್ನುತ್ತವೆ. ಮಂಗಳೂರಿನಲ್ಲಿ ನಾನು ತರುವ ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ. ಬಸಿಯುವುದಿರಲಿ, ಒಂದು ಚಮಚ ತೆಂಗಿನೆಣ್ಣೆ ನಾವೇ ಹಾಕಬೇಕು!

ಸೂಪಿನ ಜೊತೆ ಬ್ರೆಡ್ ಬೇಡ, ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಬೇಕು ಅನ್ನುವವರು ಮನೆಯಲ್ಲಿದ್ದರೆ ನೀರು ಜಾಸ್ತಿ ಹಾಕಬೇಡಿ, ಸೂಪ್ ಗಟ್ಟಿಯಾಗಲು ಎರಡು ಆಲೂಗಡ್ಡೆ ತುಂಡು ಅದರಲ್ಲೇ ಮಸೆದುಬಿಡಿ.