ನಡವಳಿ ಸಂಪುಟಗಳಿಂದ ಒಬ್ಬ ಶಾಸಕರ ಬದುಕು ಬರೆದದ್ದು: ನನ್ನ ಅನುಭವ

ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರ ಬದುಕನ್ನು ವಿಧಾನಸಭೆಯ ನಡವಳಿ, ಅಂದರೆ ಸದನದ ಮಾತುಗಳ ಅಚ್ಚಾದ ದಾಖಲೆ, ಹಿಡಿದೇ ಬರೆಯುತ್ತೇನೆ ಎಂದಾಗ ಬರೆಯುವ ಗೆಳೆಯರೆಲ್ಲ ಬೇಡ ಎಂದರು. "ಆ ದಪ್ಪ ಸಂಪುಟಗಳಲ್ಲಿ ಮನುಷ್ಯ ಸಿಗಲ್ಲ ಮಾರಾಯ, ಕಂಡವರನ್ನು ಕೇಳು" ಅಂದರು. ಈಗ ಪುಸ್ತಕ ಬಂದಿದೆ, ಮೊದಲ ಮುದ್ರಣ ಮುಗಿದಿದೆ. ಬೇಡ ಎಂದವರಲ್ಲೇ ಒಬ್ಬರು ತಮ್ಮ ತಾಲ್ಲೂಕಿನ ಹಳೆಯ ಶಾಸಕರ ಮೇಲೆ ಇದೇ ದಾರಿಯಲ್ಲಿ ಕೆಲಸ ಶುರು ಮಾಡಿದ್ದಾರೆ.

ಕಂಡವರನ್ನು ಕೇಳುವ ಕೆಲಸವನ್ನು ನಾನು ಮೊದಲೇ ಮಾಡಿದ್ದೆ. ಆರಗ, ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿದೆ. ಬಸ್ಸು, ಪೆಟ್ರೋಲು, ಊಟ ಅಂತ ಹದಿನೈದು ಸಾವಿರದ ಹತ್ತಿರ ಹೋಯಿತು. ಎಲ್ಲರ ಬಾಯಲ್ಲೂ ಅದೇ ನಾಲ್ಕೈದು ಕಥೆ. ಓಟಿನ ಜೊತೆ ನೋಟನ್ನೂ ಕೊಟ್ಟು ಜನ ಅವರನ್ನು ಗೆಲ್ಲಿಸಿದ್ದು 1952ರ ಮಾತು. ಒಬ್ಬರು ಅದನ್ನು 62ಕ್ಕೆ ಹಾಕುತ್ತಾರೆ, ಇನ್ನೊಬ್ಬರು 67ಕ್ಕೆ. ಪ್ರೀತಿ ತುಂಬಾ ಇತ್ತು, ತಾರೀಖು ಇರಲಿಲ್ಲ. ಆ ಟಿಪ್ಪಣಿಯಲ್ಲಿ ಮುಕ್ಕಾಲು ಪಾಲು ಪಕ್ಕಕ್ಕಿಟ್ಟೆ.

ಆಮೇಲೆ ಬೆಂಗಳೂರು. ವಾರಗಟ್ಟಲೆ ಸಂಪುಟಗಳ ಮುಂದೆ ಕೂತೆ. ಒಂದು ದಿನದ ಕಲಾಪಕ್ಕೆ ಒಂದು ಕಾರ್ಡು: ಏನು ಕೇಳಿದರು, ಯಾರು ಉತ್ತರಿಸಿದರು, ಮಧ್ಯೆ ಎದ್ದವರು ಯಾರು. ಪಕ್ಷದ ಹೆಸರು ನೋಡಿ ಹುಡುಕಬೇಡಿ. ಸೋಷಲಿಸ್ಟ್, ಪ್ರಜಾ ಸೋಷಲಿಸ್ಟ್, ಮತ್ತೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾರ ಸೋಷಲಿಸ್ಟ್, 1964ರ ನಂತರ ಸಂಯುಕ್ತ ಸೋಷಲಿಸ್ಟ್ ಎಂದು ಹಣೆಪಟ್ಟಿ ಬದಲಾಗುತ್ತಲೇ ಹೋಗುತ್ತದೆ. ಗೌಡರ ಹೆಸರೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅನುಕ್ರಮಣಿಕೆ ಕೈಕೊಟ್ಟಾಗ ಪುಟ ಹಿಡಿಯುವ ಒಂದು ಉಪಾಯ ನನ್ನ ಹತ್ತಿರ ಇದೆ. ಮುಂದಿನ ಪುಸ್ತಕ ಮುಗಿಯುವವರೆಗೆ ಅದನ್ನು ಹೇಳುವುದಿಲ್ಲ.

ಕೆಲಸ ನಿಂತೇಹೋದದ್ದು 1957ರಲ್ಲಿ. 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದವರು ಆ ವರ್ಷ ತೀರ್ಥಹಳ್ಳಿಯಲ್ಲಿ ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪನವರ ಎದುರು ಸೋತರು. 1962ರಲ್ಲಿ ಮತ್ತೆ ಬರುವವರೆಗೆ ಸದನದಲ್ಲಿ ಗೌಡರೇ ಇಲ್ಲ. "ಈಗೇನು ಮಾಡ್ತೀಯ?" ಎಂದು ಗೆಳೆಯರು ಕೇಳಿದರು. ಎರಡು ತಿಂಗಳು ಕಾರ್ಡು ಮುಟ್ಟಲಿಲ್ಲ. ಕೊನೆಗೆ, ಅವರಿಲ್ಲದ ಸದನವನ್ನೇ ಓದೋಣ ಎಂದುಕೊಂಡೆ. ಇಡೀ ಪುಸ್ತಕ ಸಿಕ್ಕಿದ್ದು ಅಲ್ಲಿ.

ನೋಡಿ, ಈ ಮನುಷ್ಯ ರಾಜಕೀಯದಲ್ಲಿ ಮೇಲೆ ಬಂದದ್ದೇ ಗೇಣಿದಾರರ ಜೊತೆ, ಅಂದರೆ ಬೇರೆಯವರ ಜಮೀನು ಉತ್ತು ಗೇಣಿ ಕೊಡುವ ರೈತರ ಜೊತೆ. ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಜಮೀನ್ದಾರರ ವಿರುದ್ಧ ನಡೆಸಿದ 1951ರ ಸತ್ಯಾಗ್ರಹ, ಭತ್ತ ಅಳೆಯುವ ಕೊಳಗದ ಜಗಳ, ಲೋಹಿಯಾ ಸಾಗರಕ್ಕೆ ಬಂದು ಬಂಧನವಾದದ್ದು ಎಲ್ಲ ನಿಮಗೆ ಗೊತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಗೇಣಿ ಕಾನೂನು ಬೇಕಾಯಿತು. ಅದಕ್ಕೆ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಕೂತದ್ದು 1957ರಲ್ಲಿ. ಭೂಸುಧಾರಣಾ ಕಾಯ್ದೆ 1961ರದ್ದು. ಅಂದರೆ ಗೇಣಿಯ ಕಾನೂನು ಹುಟ್ಟಿ ಬೆಳೆದ ಅಷ್ಟೂ ಕಾಲ ಕಾಗೋಡಿನಿಂದ ಬಂದವರು ಸದನದ ಹೊರಗಿದ್ದರು! ಅವರು ಮರಳಿದಾಗ ಕಾನೂನು ಕಾಗದದ ಮೇಲಿತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. 62ರ ನಂತರದ ಅವರ ಸಿಟ್ಟನ್ನು ಬರೀ ಸ್ವಭಾವ ಎಂದು ಬರೆಯುವವರಿದ್ದಾರೆ. ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಆ ಸಿಟ್ಟಿಗೆ ಬೇರೆಯೇ ಅರ್ಥ ಬರುತ್ತದೆ, ಅಲ್ವಾ? ಈ ಅಧ್ಯಾಯದ ಬಗ್ಗೆ ನನಗೆ ಹೆಮ್ಮೆ ಇದೆ. ಕತೆ ಕೇಳಿ ಬರೆದಿದ್ದರೆ ಇದು ಸಿಗುತ್ತಿರಲಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸ್ಕ್ಯಾನ್ ಆದ ಪುಟಗಳನ್ನು ಕಂಪ್ಯೂಟರ್ ಕೈಲಿ ಓದಿಸಲು ಹೋದೆ. ಹಳೆಯ ಅಚ್ಚಿನ ಒತ್ತಕ್ಷರಗಳೆಲ್ಲ ಕಲಸಿಹೋದವು. ಹುಡುಗನೊಬ್ಬನಿಗೆ ಕೊಟ್ಟ ಆರೇಳು ಸಾವಿರ ನೀರಿಗೆ ಹೋಯಿತು. ಇಂಗ್ಲಿಷ್ ಪುಟಗಳು ಮಾತ್ರ ಪರವಾಗಿಲ್ಲ.

ಇನ್ನೊಂದು ಪ್ರಯೋಗ ಚೆನ್ನಾಗಿ ಫಲಿಸಿತು. ಕಾರ್ಡು ಹಿಡಿದು ಅದೇ ಹಿರಿಯರ ಮನೆಗೆ ಮತ್ತೆ ಹೋದೆ. ಈ ಸಲ ಸುಮ್ನೆ ಪ್ರಶ್ನೆ ಕೇಳಲಿಲ್ಲ, ಗೌಡರ ಮಾತನ್ನೇ ಓದಿ ಹೇಳಿದೆ. ಎಂಬತ್ತು ದಾಟಿದ ಅಜ್ಜರೊಬ್ಬರು ನಡುವೆಯೇ ತಡೆದು, ಆ ವರ್ಷ ತಮ್ಮ ಮನೆಯವರು ಗೇಣಿ ಚೀಟಿಗಾಗಿ ಯಾವ ಕಚೇರಿಗೆ ಎಷ್ಟು ಸಲ ನಡೆದರು ಎಂದು ಹೇಳತೊಡಗಿದರು. ಮೊದಲ ಸಲ ಇವರೇ ನನಗೆ ಓಟು-ನೋಟಿನ ಕಥೆ ಹೇಳಿ ಕಾಫಿ ಕೊಟ್ಟು ಕಳಿಸಿದ್ದರು. ಮೊದಲು ಕಾಗದ, ಆಮೇಲೆ ಮಾತು. ಈ ಕ್ರಮ ತಿರುವುಮುರುವು ಮಾಡಬೇಡಿ.

ಎಲ್ಲ ಸೇರಿ ಒಂದು ಲಕ್ಷದ ಮೇಲೆ ಸ್ವಲ್ಪ ಖರ್ಚಾಗಿರಬೇಕು. ಬೆಂಗಳೂರಿನ ರೂಮು, ಊಟಕ್ಕೆ ಮೂವತ್ತು ಸಾವಿರ, ಜೆರಾಕ್ಸಿಗೆ ಏಳೆಂಟು ಸಾವಿರ, ಐನೂರು ಪ್ರತಿಯ ಮುದ್ರಣಕ್ಕೆ ನಲವತ್ತೈದು ಸಾವಿರದ ಆಸುಪಾಸು. ಮುದ್ರಣದವರು ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಹಿಂದುಮುಂದು ಮಾಡಿ ಕಟ್ಟಿದ್ದರಿಂದ ನೂರು ಪ್ರತಿ ಮತ್ತೆ ಮಾಡಿಸಬೇಕಾಯಿತು. ಅರ್ಧ ಖರ್ಚು ಅವರು, ಅರ್ಧ ನಾನು. ಇನ್ನೂರು ರೂಪಾಯಿಯಂತೆ ಮಾರಿ, ಅಂಗಡಿಯವರ ಕಮಿಷನ್ ಕಳೆದು ಎಪ್ಪತ್ತು ಸಾವಿರ ಚಿಲ್ಲರೆ ಬಂತು. ಲಾಭ ಇಲ್ಲ, ನನಗೆ ಬೇಸರವೂ ಇಲ್ಲ. ಗೌಡರು 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಕರ್ನಾಟಕ ಎಂಬ ಹೆಸರಿಗಾಗಿ ಅವರು ಅಷ್ಟು ಹಟ ಹಿಡಿದಿದ್ದರು. ಅದು ಬಂದದ್ದು ಮರುವರ್ಷದ ನವೆಂಬರ್ 1ಕ್ಕೆ. ಇಂಥವರ ಮಾತು ಗೆದ್ದಲು ಹಿಡಿಯಬಾರದು.

ಮುಂದಿನದು ಕಡಿದಾಳ್ ಮಂಜಪ್ಪನವರದು. 57ರಿಂದ 62ರ ಕಾರ್ಡುಗಳು ಆಗಲೇ ಕೈಯಲ್ಲಿರುವುದರಿಂದ ಬೆಂಗಳೂರಿನ ಖರ್ಚು ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಮುದ್ರಣ ಮಾತ್ರ ಬೇರೆ ಕಡೆ.