ಗಿಡ್ಡ ಟಾಪಿನ ವ್ಯಾನಿನಲ್ಲಿ ಕೂರಲು, ಮಲಗಲು ಜಾಗ ಮಾಡಿಕೊಂಡದ್ದು

ಪ್ರವಾಸಕ್ಕೆ ಹೋದಾಗ ಒಳಗೇ ಕೂತು ಮಲಗಲು ನಮ್ಮ ವ್ಯಾನಿಗೊಂದು ಮಂಚ ಮಾಡಿಸಿದೆ. ವ್ಯಾನಿಗೆ ಟೇಪು ಹಿಡಿಯುವ ಮೊದಲು ಮನೆಮಂದಿಗೆ ಹಿಡಿದೆ. ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂರುವುದು. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಅಂಚಿಗೆ ಗೋಡೆ ಮೇಲೆ ಪೆನ್ಸಿಲ್ ಗೆರೆ. ನನ್ನ ಎತ್ತರ 5 ಅಡಿ 7 ಇಂಚು. ಕೂತಾಗ 35 ಇಂಚು ಬಂತು. ನನ್ನ ಹೆಂಡತಿಯದು 32. ಮುಂದಿನ ಕೆಲಸವೆಲ್ಲ ನಿಂತದ್ದು ಈ 35ರ ಮೇಲೆ.

ನಮ್ಮದು ಮಾರುತಿ ಈಕೋ ವ್ಯಾನು. ಹೊರಗಿನಿಂದ 1.8 ಮೀಟರ್ ಎತ್ತರ ಕಂಡರೂ ಒಳಗೆ ನೆಲದಿಂದ ಟಾಪಿನವರೆಗೆ ನನಗೆ ಸಿಕ್ಕಿದ್ದು 46 ಇಂಚು. ನಿಲ್ಲುವ ಮಾತೇ ಇಲ್ಲ. 46ರಲ್ಲಿ 35 ಕಳೆದರೆ 11. ತಲೆಗೂ ಟಾಪಿಗೂ ಮಧ್ಯೆ ಮೂರು ಇಂಚಾದರೂ ಬೇಕು, ಇಲ್ಲದಿದ್ದರೆ ಎದ್ದು ಕೂತಾಗಲೆಲ್ಲ ಕೂದಲು ತಾಗುತ್ತಿರುತ್ತದೆ. ಅಂದರೆ ಹಾಸಿಗೆ, ಹಲಗೆ, ಕೆಳಗಿನ ಪೆಟ್ಟಿಗೆ ಎಲ್ಲ ಸೇರಿ ಎಂಟು ಇಂಚು ಮೀರಬಾರದು. ಐದು ಇಂಚಿನ ಪೆಟ್ಟಿಗೆ, ಮೂರು ಇಂಚಿನ ಫೋಮ್.

ಈ ಎಂಟು ಇಂಚಿಗೆ ಒಪ್ಪಿಸುವುದೇ ಕಷ್ಟವಾಯಿತು. ಮೈಸೂರಿನ ಮಂಡಿ ಮೊಹಲ್ಲಾದ ಹತ್ತಿರ ನಮಗೆ ಗೊತ್ತಿರುವ ಒಬ್ಬ ಬಡಗಿ ಆಚಾರ್ರಿದ್ದಾರೆ. ಕೈ ತುಂಬ ಚೆನ್ನಾಗಿದೆ. ಲೆಕ್ಕ ಕೇಳಿ ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡುಬಿಟ್ಟರು.

"ಮೇಷ್ಟ್ರೇ, ಎಂಟಿಂಚು ಮಂಚಾನಾ? ಹದಿನೈದು ಇಂಚು ಪೆಟ್ಟಿಗೆ ಮಾಡ್ಸಿ. ಕೆಳಗೆ ಸೂಟ್‌ಕೇಸು, ನೀರಿನ ಕ್ಯಾನು ಎಲ್ಲಾ ಹಂಗೇ ಜಾರಿಸ್ಬೋದು."

"ಆಮೇಲೆ ಕೂರೋದೆಲ್ಲಿ ಆಚಾರ್ರೇ?"

"ಮಲಗಕ್ಕೆ ತಾನೇ ಮಂಚ?"

ಎಲ್ಲರೂ ಎಡವುವುದು ಇಲ್ಲೇ. ಮಲಗಿದವರಿಗೆ ಎರಡು ಅಡಿ ಎತ್ತರವಿದ್ದರೂ ನಡೆಯುತ್ತದೆ. ಆದರೆ ವ್ಯಾನಿನಲ್ಲಿ ನಾವು ಮಲಗುವುದಕ್ಕಿಂತ ಎಚ್ಚರವಾಗಿ ಇರುವುದೇ ಜಾಸ್ತಿ. ಸಂಜೆ ಮಳೆ ಹಿಡಿದರೆ ಮೂರು ನಾಲ್ಕು ಗಂಟೆ ಒಳಗೇ ಕೂರಬೇಕು. ಊಟ, ಓದು, ಮಾತು, ಬಟ್ಟೆ ಬದಲಾಯಿಸುವುದು, ಎಲ್ಲ ಕೂತೇ. ಹದಿನೈದು ಇಂಚಿನ ಪೆಟ್ಟಿಗೆ, ಅದರ ಮೇಲೆ ಮೂರು ಇಂಚು ಫೋಮ್ ಹಾಕಿದರೆ ಉಳಿಯುವುದು 28 ಇಂಚು. ನನ್ನಂಥವನು ಏಳು ಇಂಚು ಬಗ್ಗಿ ಕೂರಬೇಕು. ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿಯುತ್ತದೆ. ಆಚಾರ್ರನ್ನು ವ್ಯಾನಿನೊಳಗೆ ಕರೆದು, ಇಟ್ಟಿಗೆ ಮೇಲೆ ಹಲಗೆ ಹಾಕಿ ಅದೇ ಎತ್ತರದಲ್ಲಿ ಕೂರಿಸಿದೆ. ಅವರು ಇಳಿದು ಬಂದು ಸುಮ್ನೆ ಎಂಟು ಇಂಚಿನ ಗೆರೆ ಹಾಕಿದರು.

ತಗ್ಗಿನ ಮಂಚದಿಂದ ಇನ್ನೊಂದು ಲಾಭವಿದೆ. ಮುಂದಿನ ಸೀಟುಗಳ ಒರಗು ಮೇಲೆ ಹೋದಂತೆ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಎತ್ತರದಲ್ಲಿ ಉದ್ದ ಕಡಿಮೆ, ನೆಲದ ಹತ್ತಿರ ಉದ್ದ ಜಾಸ್ತಿ. ನೆಲಮಟ್ಟದಲ್ಲಿ ನನಗೆ ಆರು ಅಡಿ ಪೂರಾ ಸಿಕ್ಕಿತು. ಕಾಲು ಮುಂದಕ್ಕೆ, ತಲೆ ಹಿಂಬಾಗಿಲ ಕಡೆಗೆ ಹಾಕಿ ಮಲಗಿದರೆ ಪಾದಗಳು ಒರಗಿನ ಕೆಳಗೆ ಹೋಗುತ್ತವೆ. ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ದೂರ ಓಡಿಸಿ ನಿಲ್ಲಿಸಿದ ಮೇಲೆ ಒಂದಷ್ಟು ಹೊತ್ತು ಅಲ್ಲಿಂದ ಬಿಸಿ ಬರುತ್ತಿರುತ್ತದೆ. ಅದಕ್ಕೂ ತಲೆ ಹಿಂದೆ ಇರುವುದೇ ಸರಿ.

ತಗ್ಗಿನ ಮಂಚಕ್ಕೆ ತೆರಬೇಕಾದ ಬೆಲೆಯೂ ಇದೆ. ಹಿಂದಿನ ಚಕ್ರದ ಗೂಡುಗಳು ಒಳಗೆ ಉಬ್ಬಿಕೊಂಡಿರುತ್ತವೆ. ಮಂಚ ಎತ್ತರವಿದ್ದರೆ ಅವು ಅಡಿಯಲ್ಲಿ ಮುಚ್ಚಿಹೋಗುತ್ತಿದ್ದವು. ಎಂಟು ಇಂಚಿನಲ್ಲಿ ಅವು ಎರಡೂ ಪಕ್ಕ ಎದ್ದು ಕಾಣುತ್ತವೆ, ಭುಜದ ಜಾಗದಲ್ಲೇ ಅಗಲ ತಿನ್ನುತ್ತವೆ. ಗೂಡಿನ ಆಕಾರಕ್ಕೆ ರಟ್ಟು ಕತ್ತರಿಸಿ, ಅದನ್ನಿಟ್ಟು ಪ್ಲೈ ಕೊರೆಸಿದೆ. ಗೂಡಿನ ತಲೆಗೆ ಒಂದು ಇಂಚು ಫೋಮ್ ಅಂಟಿಸಿ ಬಟ್ಟೆ ಹೊದಿಸಿದೆ. ಮಲಗಿದಾಗ ಹೊರಗಿನ ತೋಳು ಅದರ ಮೇಲೆ ಬರುತ್ತದೆ. ಕೂತಾಗ ಕೈಯಿಡಲು ಆಗುತ್ತದೆ. ಕನ್ನಡಕ, ಟಾರ್ಚು, ನೀರಿನ ಬಾಟಲಿಗೂ ಅದೇ ಜಾಗ. ಇಬ್ಬರಲ್ಲಿ ಒಬ್ಬರು ದಪ್ಪಗಿದ್ದರೆ ಇಲ್ಲಿ ಇಕ್ಕಟ್ಟಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಒರಗಿಕೊಳ್ಳುವ ವಿಚಾರ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ತಲೆಗೆ ಜಾಗವಿದ್ದು ಬೆನ್ನಿಗೆ ಆಸರೆ ಇಲ್ಲದಿದ್ದರೆ ಕೂರುವ ಸುಖ ಸಿಗುವುದಿಲ್ಲ. ವ್ಯಾನಿನ ಪಕ್ಕದ ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಅದಕ್ಕೆ ಒರಗಿದರೆ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಸೀಟಿನ ಬೆನ್ನಿಗೆ ಒರಗಿದರೂ ಅದೇ ಕಥೆ. ಹಾಗಾಗಿ ಮಂಚದ ಹಲಗೆಯನ್ನೇ ಅಡ್ಡಡ್ಡ ಮೂರು ತುಂಡು ಮಾಡಿಸಿದೆ. ಮುಂದಿನ ತುಂಡು 22 ಇಂಚು. ಅದರ ಹಿಂದಿನ ಅಂಚಿಗೆ ಉದ್ದಕ್ಕೂ ಪಿಯಾನೊ ಹಿಂಜ್, ಅಂದರೆ ಪಟ್ಟಿಯಂಥ ಉದ್ದನೆಯ ತಿರುಗಣಿ. ಮುಂದಿನ ಅಂಚು ಹಿಡಿದು ಎತ್ತಿದರೆ ಆರಾಮಕುರ್ಚಿಯ ಬೆನ್ನಿನ ಹಾಗೆ ನಿಲ್ಲುತ್ತದೆ. ಕೆಳಗೆ ಆಸರೆಗೆ ಎರಡು ಕಚ್ಚು ಹಾಕಿದ ಪ್ಲೈ ಪಟ್ಟಿ. ಒಂದು ಕಚ್ಚಿಗೆ ಸ್ವಲ್ಪ ನೆಟ್ಟಗೆ, ಊಟಕ್ಕೆ. ಇನ್ನೊಂದಕ್ಕೆ ಸುಮಾರು 20 ಡಿಗ್ರಿ ವಾಲಿಕೊಂಡು, ಓದುವುದಕ್ಕೆ.

ಆ 20 ಡಿಗ್ರಿಯ ಗುಟ್ಟು ಏನೆಂದರೆ, ಬೆನ್ನು ವಾಲಿದಾಗ ತಲೆಯೂ ಕೆಳಗೆ ಬರುತ್ತದೆ. 35 ಇಂಚು ಕೂತ ಎತ್ತರ 33ಕ್ಕೆ ಇಳಿಯುತ್ತದೆ. ಏನೂ ಕತ್ತರಿಸದೆ, ಕೊರೆಯದೆ ಟಾಪನ್ನು ಎರಡು ಇಂಚು ಎತ್ತಿದಂತಾಯಿತು, ಅಲ್ವಾ? ಹಲಗೆ ಎತ್ತಿದ ಮೇಲೆ ಹಿಂಬಾಗಿಲವರೆಗೆ ಇನ್ನೂ 50 ಇಂಚು ಉಳಿಯುತ್ತದೆ. ಕಾಲು ನೀಡಿ, ಹಿಂಬಾಗಿಲು ಮೇಲೆತ್ತಿ, ಎದುರಿಗೆ ಇರುವುದನ್ನು ನೋಡುತ್ತ ಕೂರಬಹುದು. ಎತ್ತಿದ ಹಲಗೆಯ ಕೆಳಗಿನ ಪೆಟ್ಟಿಗೆ ಆಗ ತೆರೆದುಕೊಳ್ಳುತ್ತದೆ. ತಟ್ಟೆ ಲೋಟ, ಬಿಸ್ಕತ್ತು, ಚಾರ್ಜರ್ ಎಲ್ಲ ಅಲ್ಲೇ. ಹಾಸಿಗೆ ಕೆದಕುವ ಕೆಲಸವಿಲ್ಲ.

ಪ್ಲೈ 12 ಎಂ.ಎಂ., 710 ಗ್ರೇಡ್. ನೀರು ತಾಗಿದರೂ ಬಿಚ್ಚಿಕೊಳ್ಳುವುದಿಲ್ಲ. ಎಂಟು ಅಡಿಗೆ ನಾಲ್ಕು ಅಡಿಯ ಪೂರ್ತಿ ಹಲಗೆ ಸುಮಾರು 23 ಕೆಜಿ ತೂಗುತ್ತದೆ. ಹಾಗಾಗಿ 18 ಎಂ.ಎಂ. ಬೇಡ, ಸುಮ್ನೆ ಭಾರ. ಕೆಳಗೆ 16 ಇಂಚಿಗೊಂದು ಅಡ್ಡಪಟ್ಟಿ ಕೊಟ್ಟರೆ 12 ಎಂ.ಎಂ. ಬಗ್ಗುವುದಿಲ್ಲ. ಹಲಗೆಯ ತುಂಬ ಆರಾರು ಇಂಚಿಗೆ ಒಂದಿಂಚಿನ ತೂತು ಹೊಡೆಸಿದೆ. ಅದಿಲ್ಲದಿದ್ದರೆ ಫೋಮಿನ ಅಡಿ ಬೆವರಿನ ಪಸೆ ನಿಂತು ಬೂಷ್ಟು ಹಿಡಿಯುತ್ತದೆ.

ಫೋಮ್ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿ ಮೆತ್ತನೆಯದು ತೆಗೆದುಕೊಳ್ಳಬೇಡಿ. ಮೂರು ಇಂಚಿನ ಮೆತ್ತನೆ ಫೋಮ್ ಮೇಲೆ ಕೂತರೆ ಸೊಂಟದ ಮೂಳೆ ಹಲಗೆ ಮುಟ್ಟುತ್ತದೆ. ಕೆಳಗೆ ಎರಡು ಇಂಚು ರೀಬಾಂಡೆಡ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಫೋಮ್), ಮೇಲೆ ಒಂದು ಇಂಚು 40 ಡೆನ್ಸಿಟಿಯ ಒತ್ತಾದ ಫೋಮ್ ಹಾಕಿಸಿ. ಅಂಗಡಿಯಲ್ಲೇ ಎರಡನ್ನೂ ಒಂದರ ಮೇಲೊಂದು ಇಟ್ಟು, ಮಂಡಿಯೂರಿ ಪೂರ್ತಿ ಭಾರ ಬಿಟ್ಟು ನೋಡಿ. ಮಂಡಿಗೆ ನೆಲ ಗೊತ್ತಾಗಬಾರದು. ಹೊದಿಕೆಗೆ ರೆಕ್ಸಿನ್ ಹಾಕಿಸಬೇಡಿ, ಏಪ್ರಿಲ್ ಬಿಸಿಲಲ್ಲಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆಗೆ ಜಿಪ್ ಹಾಕಿಸಿ, ಮೇಲೆ ಜಮಖಾನ ಹಾಸಿದ್ದೇವೆ. ಜಮಖಾನ ತೆಗೆದು ಕೊಡವಿದರೆ ಮಣ್ಣೆಲ್ಲ ಹೋಯಿತು.

ಟಾಪಿನ ಒಳಗೆ ಬಿಸಿ ತಡೆಯಲು ಕೆಲವರು ಥರ್ಮೋಕೋಲ್ ಇಟ್ಟು ಅದರ ಮೇಲೆ ಪ್ಲೈ ಹೊಡೆಸುತ್ತಾರೆ. ಗಿಡ್ಡ ವ್ಯಾನಿಗೆ ಅದು ಆಗದ ಮಾತು. ಒಂದೂವರೆ ಇಂಚು ತಲೆಯಿಂದಲೇ ಕಿತ್ತುಕೊಳ್ಳುತ್ತದೆ. ತಗಡಿನ ಕೆಳಗೆ ಅಡ್ಡ ಪಟ್ಟಿಗಳಿರುತ್ತವೆ. ಆ ಪಟ್ಟಿಗಳ ನಡುವಿನ ಗುಂಡಿಗಷ್ಟೇ 10 ಎಂ.ಎಂ. ಎಕ್ಸ್‌ಎಲ್‌ಪಿಇ ಶೀಟು (ಬಿಸಿ ತಡೆಯುವ ಪ್ಲಾಸ್ಟಿಕ್ ಫೋಮ್) ಕತ್ತರಿಸಿ ಅಂಟಿಸಿ, ಕಂಪನಿಯವರು ಟಾಪಿನೊಳಗೆ ಹಾಕಿದ್ದ ಹಳೆಯ ಬಟ್ಟೆಯನ್ನೇ ವಾಪಸ್ ಏರಿಸಿದೆವು. ಎತ್ತರ ಒಂದು ನೂಲೂ ಕಡಿಮೆಯಾಗಲಿಲ್ಲ.

ಚಳಿಗಾಲದಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆ ಮಲಗಿದರೆ ಬೆಳಗ್ಗೆ ಗಾಜಿನ ತುಂಬ ನೀರು ಇಳಿಯುತ್ತಿರುತ್ತದೆ. ಅದು ಮಂಜಲ್ಲ, ನಮ್ಮ ಉಸಿರು. ಎತ್ತರದ ವ್ಯಾನಿಗಿಂತ ಇಲ್ಲಿ ಗಾಳಿಯೇ ಕಡಿಮೆ, ಬೇಗ ತೇವ ತುಂಬುತ್ತದೆ. ಎಷ್ಟೇ ಚಳಿಯಿರಲಿ, ಎರಡು ಪಕ್ಕದ ಜಾರುವ ಗಾಜನ್ನೂ ಎರಡೆರಡು ಬೆರಳು ತೆರೆದೇ ಮಲಗಬೇಕು. ಅಲ್ಲಿಗೆ ವೆಲ್ಕ್ರೋ ಹಚ್ಚಿದ ಸೊಳ್ಳೆ ಪರದೆ ಇದೆ. ಒಲೆಯನ್ನು ಮಾತ್ರ ಒಳಗೆ ಹಚ್ಚಬೇಡಿ, ಟೀ ಕಾಯಿಸುವುದಕ್ಕೂ ಬೇಡ. ಉರಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ನಮ್ಮ ಬ್ಯುಟೇನ್ ಒಲೆ ಐದು ಇಂಚಿನ ಪೆಟ್ಟಿಗೆಯೊಳಗೆ ಮಲಗುತ್ತದೆ. ಅಡುಗೆ ಹಿಂಬಾಗಿಲ ಹೊರಗೆ, ನೆಲದ ಮೇಲೆ.

ಅಮ್ಮನಿಗೆ ಮಂಡಿನೋವು, ಕಾಲು ಮಡಚಿ ಕೂರಲಾಗುವುದಿಲ್ಲ. ಮೇಲುಕೋಟೆಗೆ ಹೋದಾಗ ಅವರು ತಮ್ಮನ ಕಾರಿನಲ್ಲಿ ಬರುತ್ತಾರೆ. ಕಲ್ಯಾಣಿಯ ಹತ್ತಿರ ಬಿಸಿಲಿನಲ್ಲಿ ಓಡಾಡಿ ಸುಸ್ತಾದರೆ ವ್ಯಾನಿನಲ್ಲಿ ಕೂರಬೇಕು. ಅವರಿಗಾಗಿ ಪಕ್ಕದ ಜಾರುಬಾಗಿಲ ಅಂಚನ್ನೇ ಕುರ್ಚಿ ಮಾಡಿದೆ. ಅಲ್ಲಿ ಕೂತರೆ ಕಾಲು ಹೊರಗೆ ಇಳಿಬಿಡಬಹುದು. ಆದರೆ ಹೊರಗಿನ ನೆಲದಿಂದ ಹಾಸಿಗೆಗೆ 28 ಇಂಚು, ಪಾದ ಗಾಳಿಯಲ್ಲಿ ನೇತಾಡುತ್ತದೆ. ಸಾಮಾನ್ಯ ಕುರ್ಚಿ 18 ಇಂಚು. ಉಳಿದ ಹತ್ತು ಇಂಚಿಗೆ ಒಂದು ಗಟ್ಟಿ ಮಣೆ ಮಾಡಿಸಿದೆ. ಹತ್ತುವಾಗ ಅದೇ ಮೆಟ್ಟಿಲು. ಪಕ್ಕದಲ್ಲಿ ಎತ್ತಿ ನಿಲ್ಲಿಸಿದ ಹಲಗೆ ಅವರಿಗೆ ಏಳುವಾಗ ಕೈಯೂರಲು ಆಸರೆ. "ಇಲ್ಲಿ ಕೂತ್ರೆ ಮನೆ ಜಗಲಿ ಮೇಲೆ ಕೂತಂಗೈತಲ್ಲೋ ಮಗಾ" ಅಂದರು. ನನಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ರಾತ್ರಿಗೆ ಅವರಿಗೆ ಛತ್ರದಲ್ಲಿ ರೂಮು.

ಅಮ್ಮನನ್ನು ಈ ವ್ಯಾನಿನಲ್ಲೇ ಏಕೆ ಕರೆದೊಯ್ಯುವುದಿಲ್ಲ ಅಂದರೆ, ಮಂಚ ಕೂರಿಸಿದಾಗ ಬೆಲ್ಟ್ ಇರುವ ಸೀಟು ಮುಂದಿನ ಎರಡೇ. ಓಡುವ ವ್ಯಾನಿನಲ್ಲಿ ಮಂಚದ ಮೇಲೆ ಯಾರನ್ನೂ ಕೂರಿಸುವುದಿಲ್ಲ, ಮಕ್ಕಳನ್ನಂತೂ ಬೇಡವೇ ಬೇಡ. ಪೆಟ್ಟಿಗೆಯನ್ನು ಹಿಂದಿನ ಸೀಟಿನ ಬೋಲ್ಟ್ ತೂತುಗಳಿಗೇ ಬಿಗಿದಿದ್ದೇವೆ. ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅಷ್ಟೂ ಭಾರ ನಮ್ಮ ಬೆನ್ನಿಗೆ ಬರುತ್ತದೆ.

ಟಾಪು ಕತ್ತರಿಸಿ ಎತ್ತರಿಸಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ರಿಜಿಸ್ಟ್ರೇಷನ್ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಆದ್ದರಿಂದ ನಾನು ವ್ಯಾನಿನ ಮೈತಗಡಿಗೆ ಒಂದು ಹೊಸ ತೂತನ್ನೂ ಹೊಡೆಸಿಲ್ಲ, ಬೆಸುಗೆ ಹಾಕಿಸಿಲ್ಲ. ಪ್ರವಾಸ ಮುಗಿದರೆ ಮಂಚ ಬಿಚ್ಚಿ ಸೀಟು ವಾಪಸ್ ಕೂರಿಸುತ್ತೇನೆ. ಕಾಯಂ ಆಗಿ ಮಾಡಿಸುವ ಆಸೆ ಇದ್ದವರು ಮರ ಕೊಯ್ಯಿಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಪ್ಲೈ, ಫೋಮ್, ಹೊಲಿಗೆ, ಆಚಾರ್ರ ಕೂಲಿ ಸೇರಿ ನನಗೆ 25,000 ರೂಪಾಯಿ ಒಳಗೇ ಮುಗಿಯಿತು.

ರಾತ್ರಿ ನಿಲ್ಲಿಸುವಾಗ ಎರಡು ವಿಷಯ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗೇಟಿನ ಹತ್ತಿರ ಹೋಗಿ ಪರದಾಡುವ ಬದಲು ಗುಂಡ್ಲುಪೇಟೆಯಲ್ಲೇ ಜಾಗ ನೋಡಿಕೊಳ್ಳಿ. ಕಾಡಿನೊಳಗೆ ಎಲ್ಲೂ ನಿಲ್ಲಿಸಬೇಡಿ. ಇನ್ನೊಂದು, ವ್ಯಾನು ಸಮನಾಗಿ ನಿಂತಿರಬೇಕು. ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಸ್ವಲ್ಪ ವಾಲಿದ್ದರೂ ರಾತ್ರಿಯಿಡೀ ಒಬ್ಬರು ಇನ್ನೊಬ್ಬರ ಮೇಲೆ ಜಾರುತ್ತಿರುತ್ತಾರೆ. ತಗ್ಗಾದ ಕಡೆಯ ಚಕ್ರದ ಕೆಳಗೆ ಹಲಗೆ ತುಂಡು ಕೊಟ್ಟರೆ ಸಾಕು. ಪೂರ್ತಿ ಸಮ ಆಗದಿದ್ದರೆ ತಲೆಯ ಕಡೆ ಎತ್ತರ ಇರಲಿ.

ನಿಮ್ಮದು ಮಾರುತಿಯ ಹಳೆಯ ಓಮ್ನಿ ವ್ಯಾನಾದರೆ ಲೆಕ್ಕ ಇನ್ನೂ ಬಿಗಿ. 2019ಕ್ಕೆ ತಯಾರಿಕೆ ನಿಂತರೂ ಮಂಡ್ಯ, ಪಾಂಡವಪುರದ ಕಡೆ ಈಗಲೂ ಬೇಕಾದಷ್ಟು ಓಮ್ನಿ ಓಡಾಡುತ್ತಿವೆ, ಅಗ್ಗಕ್ಕೂ ಸಿಗುತ್ತವೆ. ಅದು ಈಕೋಗಿಂತ ಉದ್ದದಲ್ಲೂ ಎತ್ತರದಲ್ಲೂ ಚಿಕ್ಕದು. ಅದರಲ್ಲಿ ಪೆಟ್ಟಿಗೆಯನ್ನು ಪೂರ್ತಿ ಬಿಟ್ಟುಬಿಡಿ. ನೆಲದ ಮೇಲೆ 9 ಎಂ.ಎಂ. ಪ್ಲೈ, ಅದರ ಮೇಲೆ ನೇರ ಫೋಮ್. ಒರಗುವ ಹಲಗೆ ಮಾತ್ರ ಬಿಡಬೇಡಿ. ಸಾಮಾನೆಲ್ಲ ಮೇಲಿನ ಕ್ಯಾರಿಯರ್‌ಗೆ ಹಾಕಿ ಟಾರ್ಪಾಲ್ ಬಿಗಿಯಿರಿ.