ಸೋಲುವ ತಂಡ ಸುಧಾರಿಸುತ್ತಿದೆಯಾ ಅಂತ ತಿಳಿಯೋದು ಹೇಗೆ?

ಕೋಲಾರದ ಕಡೆ ನಾವು ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಷಿಕಾಗೋದಲ್ಲಿ ರಾತ್ರಿಯ ಬೇಸ್‌ಬಾಲ್ ನಡೆಯುತ್ತಿರುತ್ತದೆ. ಅಲ್ಲಿನ ವೈಟ್ ಸಾಕ್ಸ್ ತಂಡ 2024ರಲ್ಲಿ 162 ಪಂದ್ಯಗಳಲ್ಲಿ 121 ಸೋತಿತು. ಅದರಲ್ಲಿ ಸತತ 21 ಸೋಲು. ಮರುವರ್ಷ 102 ಸೋಲು, 60 ಗೆಲುವು. ಪಟ್ಟಿಯಲ್ಲಿ ಇನ್ನೂ ತಮ್ಮ ವಿಭಾಗದ ತಳದಲ್ಲೇ ಇದ್ದರು, ಆದರೆ 19 ಗೆಲುವು ಜಾಸ್ತಿ ಆಯ್ತು ಅಲ್ವಾ?

ಇಂಥ ತಂಡವನ್ನು ನೋಡಬೇಕಾದರೆ ಮೊದಲು ಒಂದು ನೋಟ್‌ಬುಕ್ ಇಡಿ. ಒಂದೊಂದು ಪಂದ್ಯಕ್ಕೂ ಸುಮ್ನೆ ಕೊರಗಬೇಡಿ. ಒಂದು ದಿನದ ಟೊಮೇಟೊ ರೇಟು ನೋಡಿ ಯಾರೂ ಇಡೀ ಬೆಳೆಯ ಲೆಕ್ಕ ಹಾಕೋದಿಲ್ಲ. ಹತ್ತು ಪಂದ್ಯ ಮುಗಿದ ಮೇಲೆ ಹೊಡೆದ ರನ್ನು ಎಷ್ಟು, ಕೊಟ್ಟ ರನ್ನು ಎಷ್ಟು ಅಂತ ಬರೆದು ಕಳೆಯಿರಿ. ಆ ಅಂತರ ಕಡಿಮೆಯಾಗ್ತಾ ಬಂದರೆ ಗೆಲುವು ಸಾಮಾನ್ಯವಾಗಿ ಹಿಂದೆಯೇ ಬರುತ್ತದೆ. ಒಂದೇ ರನ್ನಿನಿಂದ ಸೋತದ್ದಕ್ಕೆ ಪಕ್ಕದಲ್ಲಿ ಚುಕ್ಕೆ ಹಾಕಿ.

ನನ್ನ ಪ್ರಕಾರ ಮುಖ್ಯವಾಗಿ ನೋಡಬೇಕಾದ್ದು ಪಿಚರ್‌ನನ್ನು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಮೊದಲು ಚೆಂಡೆಸೆಯುವವನು ನಾಲ್ಕನೇ ಇನ್ನಿಂಗ್ಸ್‌ಗೇ ಹೊರಬಿದ್ದರೆ ಉಳಿದ ಐದನ್ನು ಬದಲಿಯವರೇ ಎಸೆಯಬೇಕು, ಅವರು ದಣಿದರೆ ನಾಳೆಯ ಪಂದ್ಯಕ್ಕೂ ಪೆಟ್ಟು. ಅದೇ ಹುಡುಗ ಜುಲೈನಲ್ಲಿ ಆರು ಇನ್ನಿಂಗ್ಸ್ ನಿಂತರೆ, ನಾಲ್ಕು ಕೆಟ್ಟ ಎಸೆತ ಹಾಕಿ ಬ್ಯಾಟು ಹಿಡಿದವನಿಗೆ ಪುಕ್ಕಟೆ ಬೇಸ್ (ರನ್ನಿನ ದಾರಿಯ ಮೊದಲ ನಿಲ್ದಾಣ) ಕೊಡೋದು ಕಡಿಮೆ ಮಾಡಿದರೆ, ಆ ಪುಟದ ಮೇಲೆ ದಪ್ಪಗೆ ಗೆರೆ ಎಳೆಯಿರಿ.